ಉಪ್ಪು ಹತ್ತದ ಅಂಗಿ

ಲೆಮ್ಯುಯೆಲ್ ಹಾಬ್ಸ್‌ನ ಹೆಣ ಉಪ್ಪುನೀರಿನ ತೊಟ್ಟಿಯ ಪಕ್ಕದಲ್ಲಿ ಬಿದ್ದಿತ್ತು. ಬೆಳಗ್ಗೆ ಒಲೆ ಹೊತ್ತಿಸಲು ಬಂದ ಗುಲಾಮ ಪ್ರೈಮಸ್ ಅದನ್ನು ಮೊದಲು ಕಂಡ. ಮಧ್ಯಾಹ್ನದ ಹೊತ್ತಿಗೆ ಅವನನ್ನೇ ಕೊಲೆಗಾರನೆಂದು ಸರಪಳಿಯಲ್ಲಿ ಬಿಗಿದಿದ್ದರು.

೧೮೬೪, ಅಮೆರಿಕದ ಅಂತರ್ಯುದ್ಧದ ಕಾಲ. ಉತ್ತರ ಕೆರೊಲಿನಾದ ಕಡಲಂಚು. ದಕ್ಷಿಣದ ಸೇನೆಯ ಮಾಂಸ ಕೆಡದಿರಲು ಇಲ್ಲಿನ ಉಪ್ಪೇ ಬೇಕು. ಅದಕ್ಕೇ ಉಪ್ಪು ಬೇಯಿಸುವವರನ್ನು ಯುದ್ಧಕ್ಕೆ ಎಳೆಯುತ್ತಿರಲಿಲ್ಲ. ಲೆಮ್ಯುಯೆಲ್ ಉಳಿದದ್ದು ಹಾಗೆ. ಅವನ ಇಬ್ಬರು ಮಕ್ಕಳು ಸೇನೆ ಬಿಟ್ಟು ಓಡಿಬಂದು ಜೌಗಿನಲ್ಲೆಲ್ಲೋ ಅಡಗಿದ್ದರು.

"ತೊಟ್ಟಿಯಲ್ಲಿ ಅದುಮಿ ಕೊಂದಿದ್ದಾನೆ," ಎಂದ, ಸೇನೆ ಬಿಟ್ಟು ಓಡಿದವರನ್ನು ಹಿಡಿಯುವ ಕಾವಲು ಪಡೆಯ ಕ್ಯಾಪ್ಟನ್ ಟಿಲೆಟ್. "ಸಹಿ ಹಾಕಿ ನಡೀರಿ ಯಜಮಾನ್ರೆ. ಊಟ ಆರುತ್ತೆ."

ಸಾವಿನ ವಿಚಾರಣೆಗೆ ಬಂದಿದ್ದ ಮುದುಕ ಈನಕ್ ಸ್ವಿಂಡೆಲ್ ಸಹಿ ಹಾಕಲಿಲ್ಲ. ಹೆಣದ ಗಡ್ಡದಿಂದ ಏನೋ ಹೆಕ್ಕಿದ. ಬೆರಳನ್ನು ಗಡ್ಡಕ್ಕೊತ್ತಿ ನಾಲಿಗೆಗೆ ಇಟ್ಟುಕೊಂಡ.

"ನಾನು ಮುಟ್ಟಿಲ್ಲ ದಣಿ," ಎಂದ ಪ್ರೈಮಸ್. "ನಾನು ನೋಡಿದಾಗ್ಲೇ ಬರಿಗಾಲಲ್ಲಿ ಬಿದ್ದಿದ್ರು."

* * *

"ನಸುಕಲ್ಲಿ ಕುದುರೆ ಸದ್ದಾಯ್ತು," ಎಂದಳು ಲೆಮ್ಯುಯೆಲ್‌ನ ಹೆಂಡತಿ ಡಾರ್ಕಸ್. "ಬೂಟು ಹಾಕ್ಕೊಳ್ಳೋಕೂ ಬಿಡದೆ ಅವರನ್ನ ಎಳ್ಕೊಂಡು ಹೋದ್ರು. ಕತ್ತಲಲ್ಲಿ ಯಾರ ಮುಖಾನೂ ಕಾಣಿಸ್ಲಿಲ್ಲ."

ಈನಕ್ ನೇರ ಕಾವಲು ಪಡೆಯ ಬಿಡಾರಕ್ಕೆ ಹೋದ.

* * *

"ಉಪ್ಪುನೀರಲ್ಲಿ ನೆಂದ ಬಟ್ಟೆ ಒಣಗಿದ್ರೆ ಬೆಳ್ಳಗೆ ಗೆರೆ ಬೀಳುತ್ತೆ," ಎಂದ ಈನಕ್. "ಲೆಮ್ಯುಯೆಲ್ ಅಂಗಿ ಒಣಗಿದೆ, ಗೆರೆ ಇಲ್ಲ. ಗಡ್ಡ ಸಪ್ಪಗಿದೆ. ಸಿಹಿನೀರಲ್ಲಿ ಸತ್ತಿದ್ದಾನೆ. ಗಡ್ಡದಲ್ಲಿ ಓಟ್ಸ್ ಹೊಟ್ಟು ಸಿಕ್ತು. ಈ ಸುತ್ತಿನಲ್ಲಿ ಕುದುರೆಗೆ ಓಟ್ಸ್ ಹಾಕೋನು ನೀನೊಬ್ಬನೇ. ನಿನ್ನ ಕುದುರೆ ನೀರು ಕುಡಿಯೋ ತೊಟ್ಟಿಯಲ್ಲೇ ಅದುಮಿ, ಹೆಣಾನ ಅಲ್ಲಿ ತಂದು ಹಾಕಿದ್ದೀಯ, ಟಿಲೆಟ್."

ಟಿಲೆಟ್ ತೊಟ್ಟಿಯ ಕಡೆ ನೋಡಿದ. ನೀರ ಮೇಲೆ ಹೊಟ್ಟು ತೇಲುತ್ತಿತ್ತು.

"ಮಕ್ಕಳೆಲ್ಲಿ ಅಂತ ಕೇಳಿದೆ. ಬಾಯಿ ಬಿಡ್ಲಿಲ್ಲ. ಐದನೇ ಸಲ ಮೇಲೆತ್ತಿದಾಗ ಉಸಿರಿರ್ಲಿಲ್ಲ."

"ಬರೀತೀನಿ ಇದನ್ನ. ಪ್ರೈಮಸ್‌ನ ಬಿಡು."

"ಬರ್ಕೊಳ್ಳಿ. ಓದೋರು ಯಾರು? ಅವನನ್ನ ಮರಕ್ಕೆ ನೇಣು ಹಾಕಿ ಗಂಟೆ ಆಯ್ತು."

* * *

ಈನಕ್ ಡಾರ್ಕಸ್‌ಗೆ ಎಲ್ಲವನ್ನೂ ಹೇಳಿದ. ಅವಳು ಒಂದೇ ಕೇಳಿದಳು.

"ಹುಡುಗ್ರು ಎಲ್ಲಿದ್ದಾರೆ ಅಂತ ಅವರು ಹೇಳಿಬಿಟ್ರಾ?"

"ಇಲ್ಲಮ್ಮ."

"ಹಾಗಾದ್ರೆ ಈಗ್ಲೇ ಹೂಳೋಣ. ಚರ್ಚ್ ಗಂಟೆ ಬೇಡ, ಹಾಡು ಬೇಡ. ಕೇಳಿದ್ರೆ ಹುಡುಗ್ರು ಬಂದ್ಬಿಡ್ತಾರೆ."

ಇಬ್ಬರೂ ಸೇರಿ ಎರಡು ಗುಂಡಿ ತೋಡಿದರು. ಪ್ರೈಮಸ್‌ನ ಹೆಣವನ್ನು ಈನಕ್ ತಾನೇ ಇಳಿಸಿ ತಂದ. ಬೇಲಿಯಾಚೆ ಟಿಲೆಟ್‌ನ ಆರು ಸವಾರರು ಹುಡುಗರಿಗಾಗಿ ಕಾಯುತ್ತ ನಿಂತಿದ್ದರು. ಯಾರೂ ಬರಲಿಲ್ಲ.

ಮೂರನೆಯ ದಿನ ಕಿರಿಯ ಮಗ ಬಂದ. ಸವಾರರು ಇನ್ನೂ ಅಲ್ಲೇ ಇದ್ದರು.