ಒಂದು ಕಾಲಿನ ಬೂಟು

“ಅತ್ತಿ, ನನ್ನ ಇನ್ನೊಂದು ಬೂಟು ಕಂಡಿರೇನು?”

ಮಲ್ಲೇಶ್ವರಿ ಕೇಳುತ್ತಲೇ ಇದ್ದಳು. ಯಮನಮ್ಮ ರೊಟ್ಟಿ ಬಡಿಯುತ್ತಿದ್ದಳೇ ಹೊರತು ಸೊಸೆಯ ಕಡೆ ತಿರುಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಖಬರಿಲ್ಲ. ಜಾಲಹಳ್ಳಿಯಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಇನ್ನೇನು ಬರುವ ಹೊತ್ತು. ಮಗ ಕನಕರಾಜ ಮಾನ್ವಿಯ ಅಕ್ಕಿ ಗಿರಣಿಗೆ ಹೋಗಿಯಾಗಿತ್ತು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

“ಬೂಟಿಲ್ಲಂದ್ರ ಮೇಡಂ ಒಳಗ ಕಾಲಿಡಾಕ ಬಿಡಂಗಿಲ್ಲರೀ. ಇವತ್ತು ಕಂಬ ಹತ್ತೋ ಪ್ರಾಕ್ಟಿಕಲ್ ತಪ್ಪಿತಂದ್ರ ಹಾಜರಿ ಕಡಿಮಿ ಬೀಳ್ತದ, ಪರೀಕ್ಷಿಗೆ ಕೂಡ್ರಿಸಂಗಿಲ್ಲ. ಸರ್ಕಾರದ ಮಾನ್ಯತಿ ಇರೋ ಐಟಿಐ ಅದು. ಸರ್ಟಿಫಿಕೇಟ್ ಬಂದ್ರ ರಾಯಚೂರಾಗ ಅಪ್ರೆಂಟಿಸ್ ಸಿಗ್ತದ, ತಿಂಗಳಾ ಸ್ಟೈಪೆಂಡ್ ಸಿಗ್ತದ... ಎಲ್ಲಾ ಹೋಗ್ತದ, ಅತ್ತಿ.”

“ಹೋಗ್ಲಿ,” ಎಂದಳು ಯಮನಮ್ಮ. “ನಾನಾ ಮುಚ್ಚಿಟ್ಟೀನಿ. ಹೊಲಿಗಿ ಕಲಿ ಅಂದೆ, ಕೇಳಲಿಲ್ಲ. ಕರೆಂಟಿನ ಕೆಲಸಾನ ಬೇಕೇನು ನಿನಗ? ನಿಮ್ಮ ಮಾವನೂ ಹಿಂಗಾ ಮುಂಜಾನಿ ಹೋಗಿದ್ದ...”

ಮಲ್ಲೇಶ್ವರಿ ಇದ್ದ ಒಂದೇ ಬೂಟನ್ನು ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ, ಕಣ್ಣೊರೆಸಿಕೊಳ್ಳುತ್ತ ಬಸ್ಸಿಗೆ ಓಡಿದಳು.

ಎಂಥ ಅತ್ತೆಯಪ್ಪಾ ಇವಳು ಎಂದು ನೀವು ಬೈಯಬಹುದು. ಸ್ವಲ್ಪ ತಡೆಯಿರಿ. ಈಕೆಯ ಗಂಡ ಸಿದ್ರಾಮ ಲೈನ್‌ಮನ್ ಒಬ್ಬನ ಕೈಕೆಳಗೆ ದುಡಿಯುತ್ತಿದ್ದ. ಸಿದ್ರಾಮ ಕಂಬದ ಮೇಲೆ ತಂತಿ ಬಿಗಿಯುತ್ತಿದ್ದಾಗ, ಕೆಲಸ ಮುಗಿಯಿತೆಂದುಕೊಂಡು ಕೆಳಗೆ ಯಾರೋ ಲೈನು ಹಾಕಿಬಿಟ್ಟರು; ಕರೆಂಟು ಹೊಡೆದು ಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಯಮನಮ್ಮ ಮನೆಯ ಸ್ವಿಚ್ಚನ್ನೂ ಮುಟ್ಟಿದವಳಲ್ಲ. ಸಂಜೆ ದೀಪ ಹಾಕಲು ಸೊಸೆಯೇ ಬರಬೇಕು. ಸೊಸೆಯೆಂದರೆ ಜೀವ. ಆ ಜೀವವೇ ಕಂಬ ಹತ್ತುತ್ತೇನೆಂದರೆ ಎದೆ ನಡುಗದೆ ಇರುತ್ತದೆಯೇ?

ಸೊಸೆ ಹೋದ ಮೇಲೆ ಯಮನಮ್ಮ ಜೋಳದ ಚೀಲದೊಳಗೆ ಕೈಹಾಕಿ ಮುಚ್ಚಿಟ್ಟ ಬೂಟು ಹೊರತೆಗೆದಳು. ದಪ್ಪನೆಯ ರಬ್ಬರಿನ ಅಡಿ. ತಿರುವಿ ನೋಡಿದಳು. ಕರೆಂಟು ಹೊಡೆಯಬಾರದೆಂದೇ ಇದನ್ನು ಕೊಟ್ಟಿದ್ದಾರಲ್ಲ... ಹುಡುಗಿ ಹಟಮಾರಿ. ಹಾಜರಿ ಹೋಗುತ್ತದೆಂದು ಮೇಡಮ್ಮನ ಕೈಕಾಲು ಹಿಡಿದು, ಚಪ್ಪಲಿಯಲ್ಲೇ ಹತ್ತಿಬಿಟ್ಟರೆ? ಅಯ್ಯೋ ದೇವರೇ... ಉಳಿಸಿಕೊಳ್ಳಲು ಹೋಗಿ ನಾನೇ ಕೊಂದಂತಾಗುತ್ತದಲ್ಲ!

ಒಲೆ ಆರಿಸಿದಳೋ ಇಲ್ಲವೋ, ಬೂಟನ್ನು ಸೆರಗಿನಲ್ಲಿ ಸುತ್ತಿ ಮುಂದಿನ ಬಸ್ಸು ಹತ್ತಿದಳು. ಕಿಟಕಿಯಾಚೆ ದಾರಿಯುದ್ದಕ್ಕೂ ಕಂಬಗಳು. ಒಂದೊಂದು ಹಾದಾಗಲೂ ಕಣ್ಣು ಮುಚ್ಚಿಕೊಂಡಳು.

ಐಟಿಐ ಅಂಗಳದಲ್ಲಿ ಕಂಬದ ಸುತ್ತ ಜನ ಗುಂಪುಗಟ್ಟಿದ್ದರು. ಸಿದ್ರಾಮ ಬಿದ್ದ ದಿನವೂ ಹೀಗೆಯೇ ಗುಂಪಿತ್ತು. ಯಮನಮ್ಮ ಗುಂಪಿನತ್ತ ಓಡಿದಳು. “ಯವ್ವಾ... ಮಲ್ಲೀ...”

“ಅತ್ತಿ?”

ದನಿ ಪಕ್ಕದಿಂದ ಬಂತು. ಮಲ್ಲೇಶ್ವರಿ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಕಲಿಸುವ ಹುಮೇರಾ ಮೇಡಂ ಅವಳನ್ನು ಕಂಬದ ಹತ್ತಿರ ಸೇರಿಸಿರಲಿಲ್ಲ. ಯಮನಮ್ಮ ಬೂಟನ್ನು ಸೊಸೆಯ ಮಡಿಲಲ್ಲಿಟ್ಟು, ಅವಳ ಕೆನ್ನೆ, ತೋಳು, ಕೈಬೆರಳು ಎಲ್ಲವನ್ನೂ ಮುಟ್ಟಿ ನೋಡಿದಳು.

“ಹಾಕ್ಕೊಂಡು ಬಾ, ಪ್ರಾಕ್ಟಿಕಲ್ ಇನ್ನೂ ಮುಗಿದಿಲ್ಲ,” ಎಂದರು ಮೇಡಂ.

ಮಲ್ಲೇಶ್ವರಿ ಬೂಟು ಬಿಗಿದು, ಆ ಕಂಬಕ್ಕೆ ಕರೆಂಟು ಹೋಗುವ ಗೋಡೆಯ ಬೋರ್ಡಿನಿಂದ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡಳು.

“ಅದ್ಯಾಕ ಕಿಸೆದಾಗ?” ಎಂದಳು ಯಮನಮ್ಮ.

“ನಾ ಮ್ಯಾಲಿದ್ದಾಗ ಯಾರೂ ಲೈನ್ ಹಾಕಬಾರ್ದಲ್ಲರೀ. ಇದು ನನ್ನ ಹತ್ರ ಇದ್ರ ಕರೆಂಟ್ ಬರಂಗಿಲ್ಲ. ಮೊದಲ ಪಾಠಾನ ಇದು.”

ಯಮನಮ್ಮ ಸೊಸೆಯ ಕಿಸೆಯ ಮೇಲೆ ಕೈಯಿಟ್ಟಳು. “ನಿಮ್ಮ ಮಾವಗ ಇದನ್ನ ಯಾರೂ ಕಲಿಸಲಿಲ್ಲ, ಮಗಳೇ...”

ಸೊಸೆ ಕಂಬದತ್ತ ನಡೆದಳು. ಅತ್ತೆಗೆ ಮೇಲೆ ನೋಡುವ ಧೈರ್ಯವಿರಲಿಲ್ಲ. ಯಾವುದನ್ನು ಕಂಡರೆ ದೂರ ಸರಿಯುತ್ತಿದ್ದಳೋ, ಅದೇ ಬೋರ್ಡಿನ ಮುಂದೆ ಬಾಗಿಲಿಗೆ ಅಡ್ಡ ನಿಂತಂತೆ ನಿಂತುಬಿಟ್ಟಳು. ಆ ಕಡೆ ಬಂದವರಿಗೆಲ್ಲ, “ನನ್ನ ಸೊಸಿ ಇಳಿಯೋ ತನಕ ಇಲ್ಲಿ ಯಾರೂ ಬರಬ್ಯಾಡ್ರಿ,” ಎಂದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳೇ ಹೊರತು ಜಾಗ ಬಿಡಲಿಲ್ಲ.

“ಅತ್ತಿ, ಇಳಿದೆ. ಸ್ವಲ್ಪ ಆಚೆ ಸರೀರಿ, ಫ್ಯೂಸ್ ಹಾಕ್ಬೇಕು.”

ಯಮನಮ್ಮ ಕಣ್ಣು ತೆರೆಯಲಿಲ್ಲ. “ಎರಡೂ ಕಾಲು ನೆಲದ ಮ್ಯಾಲ ಅದಾವೇನು?”

“ಅದಾವ, ಅತ್ತಿ.”

ಆಗ ಸರಿದು ನಿಂತಳು.