ಹೊಗೆಮನೆಯ ಬಾಗಿಲು

"ಹವ್ವಾ... ಬಾಗಿಲು ತೆಗಿ! ತೆಗಿ ಅಂದ್ರೆ!"

ಹವ್ವಾ ತಲೆ ಎತ್ತುವಷ್ಟರಲ್ಲಿ ಹೊಗೆಮನೆಯ ಬಾಗಿಲು ಒದೆ ತಿಂದು ಒಳಕ್ಕೆ ತೆರೆದುಕೊಂಡಿತು. ಅದರ ಹಿಂದೆಯೇ ಅವಳ ಗಂಡ ಇಲಿಯಾಸ್, ಕೈಯಲ್ಲಿ ಸಮುದ್ರದ ನೀರು ತುಂಬಿದ ಕೊಡ.

ಬೇಡ ಎನ್ನಲು ಅವಳಿಗೆ ಸಮಯವೇ ಸಿಗಲಿಲ್ಲ. ಅಷ್ಟೂ ನೀರನ್ನು ಅವನು ಕೆಂಡದ ಮೇಲೆ ಸುರಿದುಬಿಟ್ಟ. ಬುಸ್ಸೆಂದು ಎದ್ದ ಬೂದಿ, ತಟ್ಟಿಯ ಮೇಲೆ ಹರಡಿದ್ದ ಟ್ಯೂನಾ ಮೀನಿನ ತುಂಡುಗಳಿಗೆಲ್ಲ ಮೆತ್ತಿಕೊಂಡಿತು. ಬೆಳಗಿನಿಂದ ಕೊಯ್ದು, ಉಪ್ಪುನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ ಹೊಗೆಗೆ ಇಟ್ಟಿದ್ದ ಮೀನು ಒಂದೇ ಕೊಡ ನೀರಿಗೆ ಹಾಳಾಗಿತ್ತು.

"ನಿಂಗೇನು ತಲೆ ಕೆಟ್ಟಿದ್ಯಾ?"

ಅವನು ಅವಳ ರಟ್ಟೆ ಹಿಡಿದು ದರದರನೆ ಹೊರಗೆಳೆದ. ತೆಂಗಿನ ಮರದಡಿ ನಿಲ್ಲಿಸಿ, ಅವಳ ಮುಖವನ್ನು, ಕೈಗಳನ್ನು ಮುಟ್ಟಿ ಮುಟ್ಟಿ ನೋಡಿದ. ಆ ಕಣ್ಣುಗಳಲ್ಲಿದ್ದುದು ಭಯವೆಂದು ಆ ಹೊತ್ತಿನಲ್ಲಿ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಏಕೆಂದರೆ ಮರುಕ್ಷಣವೇ ಅವಳ ಕೂದಲಿನ ಹೊಗೆವಾಸನೆ ಅವನ ಮೂಗಿಗೆ ಬಡಿಯಿತು. ಸುಟ್ಟುಕೊಂಡವನ ಹಾಗೆ ಕೈಬಿಟ್ಟು, ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಹವ್ವಾ ಕಲ್ಲಿನಂತೆ ನಿಂತಳು. ನಿಕಾಹ್‌ನ ಮದರಂಗಿ ಇನ್ನೂ ಅಂಗೈಯಿಂದ ಹೋಗಿರಲಿಲ್ಲ. ಕೈಹಿಡಿದ ಗಂಡನಿಗೆ ಅವಳನ್ನು ಕಂಡರೆ ವಾಕರಿಕೆ ಬರುತ್ತಿತ್ತು...

ಮಿನಿಕಾಯ್ ದ್ವೀಪದಲ್ಲಿ ಮನೆ ಹೆಂಗಸರದು. ಮದುವೆಯಾದ ಗಂಡಸು ಸಂಜೆಯಾದರೆ ಹೆಂಡತಿಯ ಮನೆಗೆ ಬರಬೇಕು. ತಾಯಿಯ ಮನೆಯಲ್ಲೇ ಉಳಿದುಕೊಂಡನೆಂದರೆ ಆ ಮದುವೆ ಮುಗಿಯಿತೆಂದೇ ಊರು ತಿಳಿಯುತ್ತದೆ. ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ ಇಲಿಯಾಸ್ ಮೊದಮೊದಲು ಬರುತ್ತಿದ್ದ. ಅವಳ ಪಕ್ಕದಲ್ಲಿ ಮಲಗಿ, ಅವಳಿಗೆ ಜೊಂಪು ಹತ್ತಿದ್ದೇ ತಡ ಎದ್ದು ದಡಕ್ಕೆ ಹೋಗಿ ಕೂರುತ್ತಿದ್ದ. ಹವ್ವಾ ನಿಂಬೆಹಣ್ಣು ಹಿಂಡಿ ತಲೆ ತಿಕ್ಕಿಕೊಂಡಳು, ಬಟ್ಟೆಗೆ ಅತ್ತರು ಬಳಿದುಕೊಂಡಳು. ಹುಟ್ಟಿದಾಗಿನಿಂದ ಮೈಗೆ ಹತ್ತಿದ ಹೊಗೆ ಅಷ್ಟಕ್ಕೆಲ್ಲ ಹೋಗುವುದುಂಟೇ?

ಕೊಡ ಸುರಿದ ಆ ದಿನದಿಂದ ಅವನು ಬರುವುದನ್ನೇ ಬಿಟ್ಟ.

ಮದುವೆ ಗೊತ್ತಾದಾಗ ಇದೇ ಇಲಿಯಾಸ್ ಹೊಗೆಮನೆಯ ಸುತ್ತ ಬೆಕ್ಕಿನಂತೆ ಸುಳಿದಾಡಿ, ತಟ್ಟಿಯಿಂದ ಬಿಸಿ ತುಂಡು ಕದ್ದು ತಿಂದವನು! ಆಮೇಲೆ ಒಂದು ಹಡಗು ಹತ್ತಿದ, ಬಹಳ ತಡವಾಗಿ ನಿಕಾಹ್‌ಗೆ ಹಿಂತಿರುಗಿದ. ಬಂದವನು ಬೇರೆಯೇ ಆಗಿದ್ದ. ದೊಡ್ಡ ದೊಡ್ಡ ಊರಿನ, ಸೋಪಿನ ಪರಿಮಳದ ಹೆಂಗಸರನ್ನು ನೋಡಿ ಬಂದವನಿಗೆ ನಾನೆಲ್ಲಿ ರುಚಿಸಿಯೇನು ಎಂದು ಹವ್ವಾ ಒಳಗೊಳಗೇ ಬೆಂದಳು.

"ಅಳ್ತಾ ಕೂರಬೇಡ, ತೆಂಗಿನ ಸಿಪ್ಪೆ ನೆನೆಹಾಕು," ಎಂದಳು ತಾಯಿ ಸಾರಾಬಿ. ಅವಳ ಸಮಾಧಾನದ ಮಾತೂ ಬೈಗುಳದಂತೆಯೇ ಇರುತ್ತಿತ್ತು. "ಬೂದಿ ಮೆತ್ತಿದ ಮೀನು ಬೆಕ್ಕು ಕೂಡ ಮೂಸಲ್ಲ. ಅದಕ್ಕೆ ಅತ್ತರೆ ಅರ್ಥ ಉಂಟು. ಅವನಿಗೆ ಯಾಕೆ ಅಳ್ತಿ?"

"ನಾನೇನು ಅಳ್ತಿಲ್ಲ. ಹೊಗೆ."

"ಒಲೆ ಹಚ್ಚೇ ಇಲ್ಲ, ಹೊಗೆ ಎಲ್ಲಿಂದ ಬಂತು?"

ಗುರುವಾರ ಸುದ್ದಿ ಬಂತು. ನಾಳೆ ಜುಮ್ಮಾ ಮುಗಿದ ಮೇಲೆ ಇಲಿಯಾಸ್ ಹಿರಿಯರ ಮುಂದೆ ತಲಾಖ್ ಹೇಳುತ್ತಾನಂತೆ, ಹೇಳಿ ಹಡಗು ಹತ್ತುತ್ತಾನಂತೆ.

ಹವ್ವಾಳ ಕೈಯಲ್ಲಿದ್ದ ಚೂರಿ ಮೀನಿನಲ್ಲೇ ನಿಂತಿತು. ಮಸೀದಿಯಲ್ಲಿ ನಾಲ್ಕು ಜನರ ಮುಂದೆ ನನ್ನನ್ನು ಬಿಡುತ್ತಾನಂತೆ. ನನಗೆ ಮುಖ ಕೊಟ್ಟು ಹೇಳುವ ಧೈರ್ಯವಿಲ್ಲವೇ ಅವನಿಗೆ? ರಕ್ತದ ಕೈ ತೊಳೆಯದೆ ಅವಳು ನೇರ ಅವನ ತಾಯಿಯ ಮನೆಗೆ ನಡೆದಳು. ವಾಸನೆ ಬರಲಿ, ಚೆನ್ನಾಗಿ ಬರಲಿ...

ಇಲಿಯಾಸ್ ಮನೆಯಲ್ಲಿರಲಿಲ್ಲ. ಅವನ ತಾಯಿ ಕುಲ್ಸೂಮ ಅಡುಗೆಮನೆಯಲ್ಲಿ ತಣ್ಣಗಿನ ಅನ್ನಕ್ಕೆ ತೆಂಗಿನತುರಿ ಕಲಸಿಕೊಂಡು ಒಬ್ಬಳೇ ತಿನ್ನುತ್ತಿದ್ದಳು.

"ಬಾ ಮಗಳೇ. ಚಹಾ ಕೊಡೋಣ ಅಂದ್ರೆ..." ಮುದುಕಿ ಮಾತು ನುಂಗಿಕೊಂಡಳು.

ಹವ್ವಾ ಒಲೆಯ ಕಡೆ ನೋಡಿದಳು. ಅಲ್ಲಿ ಒಂದು ಚಿಟಿಕೆ ಬೂದಿ ಇರಲಿಲ್ಲ. ಕಟ್ಟಿಗೆ ಇಡುವ ಮೂಲೆ ಗುಡಿಸಿ ಬರಿದಾಗಿತ್ತು. ಗೋಡೆಯ ಗೂಡಿನಲ್ಲಿ ಬೆಂಕಿಪೊಟ್ಟಣವೂ ಕಾಣಲಿಲ್ಲ.

"ಅಮ್ಮಾ, ನಿಮ್ಮ ಒಲೆ..."

"ಅವನು ಹಡಗಿನಿಂದ ಬಂದ ದಿನದಿಂದ ಹಚ್ಚಿಲ್ಲ. ಹಚ್ಚಿದ್ರೆ ಮಗುವಿನ ಹಾಗೆ ನಡುಗ್ತಾನೆ. ಪಕ್ಕದ ಮನೇಲಿ ಬೇಯಿಸಿ ತರ್ತೀನಿ." ಕುಲ್ಸೂಮ ಧ್ವನಿ ತಗ್ಗಿಸಿದಳು. "ಏನಾಯ್ತು ಅಂತ ಕೇಳಿದ್ರೆ ಏನಿಲ್ಲ ಅಂತಾನೆ. ನಿಂಗಾದ್ರೂ ಹೇಳಿರ್ತಾನೆ ಅಂದ್ಕೊಂಡಿದ್ದೆ."

ಹವ್ವಾಳ ಎದೆಯೊಳಗಿದ್ದ ಸಿಟ್ಟು ಸರ್ರನೆ ಇಳಿದುಹೋಯಿತು. ಇಲ್ಲಿ ಅವಳ ಕೂದಲಿರಲಿಲ್ಲ, ಅವಳ ಮೀನೂ ಇರಲಿಲ್ಲ. ಆದರೂ ಒಲೆ ತಣ್ಣಗಿತ್ತು. ಅವನು ಹೆದರಿದ್ದು ತನಗಲ್ಲ, ಬೆಂಕಿಗೆ! ಹಡಗಿನಲ್ಲಿ ಬೆಂಕಿ ಯಾರನ್ನೋ ನುಂಗಿರಬೇಕು.

ದಡದಲ್ಲಿ ಕವುಚಿ ಹಾಕಿದ್ದ ದೋಣಿಯ ಮರೆಯಲ್ಲಿ ಅವನು ಸಿಕ್ಕಿದ. ಅವಳು ಗಾಳಿಯ ದಿಕ್ಕು ನೋಡಿ, ತನ್ನ ವಾಸನೆ ಅವನಿಗೆ ಹೋಗದಂತೆ ಆಚೆ ಬದಿಗೆ ಕೂತಳು.

"ಯಾರು ಸತ್ತರು ಇಲಿಯಾಸ್?"

ಅವನು ಬೆಚ್ಚಿ ನೋಡಿದ.

"ಇಂಜಿನ್ ಕೋಣೆಯಲ್ಲಿ ಮೂವರಿದ್ವಿ," ಎಂದ. "ಬೆಂಕಿ ಬಿತ್ತು. ಬೆಂಕಿ ಹರಡಬಾರದು ಅಂತ ಮೇಲಿನವರು ಬಾಗಿಲು ಮುಚ್ಚಿದ್ರು. ನಾವು ಒಳಗಿದ್ದೀವಿ ಅಂತ ಅವರಿಗೆ ಗೊತ್ತಿರಲಿಲ್ಲ. ಬಡಿದ್ವಿ... ಬಡಿದ್ವಿ ಹವ್ವಾ. ತೆರೆದಾಗ ನಡೆದು ಹೊರಗೆ ಬಂದವನು ನಾನೊಬ್ಬ."

ಅವಳು ರಕ್ತದ ಕೈಯನ್ನು ಮರಳಿನಲ್ಲಿ ಉಜ್ಜಿಕೊಂಡಳು.

"ಆ ದಿನ ನಿಮ್ಮ ಹಿತ್ತಲಿಗೆ ಬಂದೆ. ಬಾಗಿಲು ಮುಚ್ಚಿತ್ತು, ಸಂದಿಯಲ್ಲೆಲ್ಲ ಹೊಗೆ ಬರ್ತಿತ್ತು. ಒಳಗೆ ನೀನು ಕೆಮ್ಮಿದ್ದು ಕೇಳಿಸ್ತು. ಮೀನು ಅನ್ನೋದೇ ಮರೆತೋಯ್ತು."

"ನನ್ನ ಹತ್ರ ಹೇಳಬಾರದಿತ್ತಾ?"

"ಹೇಳಿ? ನಿಮ್ಮನೆ ಅನ್ನ ಆ ಹೊಗೆ. ನನಗಾಗಿ ಬಿಡು ಅಂತ ಹೇಗೆ ಕೇಳಲಿ? ನೀನು ಹತ್ರ ಬಂದ್ರೆ ಅವರಿಬ್ಬರು ಕಣ್ಮುಂದೆ ಬರ್ತಾರೆ. ಅದನ್ನ ಹೆಂಡತಿಗೆ ಹೇಗೆ ಹೇಳಲಿ? ಬಿಟ್ಟುಹೋದ್ರೆ ನೀನಾದ್ರೂ..."

"ನಾನಾದ್ರೂ ಏನು? ಸುಖವಾಗಿರ್ತೀನಾ? ನಿಂಬೆಹಣ್ಣಲ್ಲಿ ತಲೆ ತಿಕ್ಕಿ ತಿಕ್ಕಿ ನೆತ್ತಿ ಸುಲಿದುಹೋಗಿದೆ ನಂಗೆ. ನನ್ನ ಮೈಯೇ ನಂಗೆ ಹೇಸಿಗೆ ಆಗಿತ್ತು."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳಿಗೂ ಅಳು ತಡೆಯಲಾಗಲಿಲ್ಲ. ನಡುವೆ ಒಂದು ದೋಣಿಯಷ್ಟು ಜಾಗ ಬಿಟ್ಟು ಇಬ್ಬರೂ ಅತ್ತರು.

ಶುಕ್ರವಾರ ಅವನು ಹಿರಿಯರ ಬಳಿ ಹೋಗಲಿಲ್ಲ. ಹಡಗು ಅವನನ್ನು ಬಿಟ್ಟೇ ಹೋಯಿತು. ಹವ್ವಾ ಹೊಗೆಮನೆಯ ಬಾಗಿಲನ್ನು ಕೀಲಿನಿಂದ ಬಿಡಿಸಿ ಪಕ್ಕಕ್ಕೆಸೆದಳು.

"ಬಾಗಿಲಿಲ್ಲದೆ ಹೊಗೆ ನಿಲ್ಲುತ್ತೇನೇ?" ಸಾರಾಬಿ ಸೊಂಟಕ್ಕೆ ಕೈಯಿಟ್ಟಳು. "ಎರಡರಷ್ಟು ಸಿಪ್ಪೆ ಸುಡಬೇಕು. ಅಷ್ಟು ಸುಟ್ಟರೂ ಮೀನು ಸರಿಯಾಗಿ ಗಟ್ಟಿಯಾಗಲ್ಲ."

"ಸುಡ್ತೀನಿ ಬಿಡು."

"ಗಂಡನ ಹುಚ್ಚು ನಿಂಗೂ ಅಂಟ್ತು," ಎಂದು ಗೊಣಗಿದ ತಾಯಿ, ಸ್ವಲ್ಪ ಹೊತ್ತಿನಲ್ಲೇ ಒಂದು ಹೊರೆ ಸಿಪ್ಪೆ ತಂದು ಕುಕ್ಕಿ ಹೋದಳು.

ಇಲಿಯಾಸ್ ದೂರದ ಬಾವಿಕಟ್ಟೆಯ ಮೇಲೆ ಕೂತು ನೋಡಿದ. ಬಿಸಿ ತುಂಡು ಕದ್ದು ತಿನ್ನುವುದಷ್ಟೇ ಗೊತ್ತಿದ್ದವನಿಗೆ ಹವ್ವಾ ಅಲ್ಲಿಂದಲೇ ಕೆಲಸ ಕಲಿಸಿದಳು. ಒಣಸಿಪ್ಪೆ ಉರಿಯುತ್ತದೆ, ನೆನೆದದ್ದು ಹೊಗೆಯಾಡುತ್ತದೆ. ಉರಿ ಎದ್ದರೆ ಮೀನು ಮೇಲಷ್ಟೇ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಅಂಥದ್ದು ಮಳೆಗಾಲಕ್ಕೆ ಕೊಳೆಯುತ್ತದೆ. ದಿನ ಕಳೆದಂತೆ ಅವನು ಬಾವಿಕಟ್ಟೆಯಿಂದ ಮರದಡಿಗೆ ಬಂದ, ಮರದಡಿಯಿಂದ ಹೊಸ್ತಿಲಿನ ಹತ್ತಿರಕ್ಕೆ. ಸಿಪ್ಪೆ ನೆನೆಸಿ ಕೊಡತೊಡಗಿದ.

ಒಂದು ಮಧ್ಯಾಹ್ನ ಮೀನಿನ ಎಣ್ಣೆ ತೊಟ್ಟಿಕ್ಕಿ ಭಗ್ಗೆಂದು ಉರಿ ಎದ್ದಿತು. ಇಲಿಯಾಸ್ ಕೈಯಲ್ಲಿದ್ದ ಬುಟ್ಟಿ ಬಿಸಾಡಿ ಸಮುದ್ರದ ಕಡೆ ಓಡಿದ.

ಹವ್ವಾಳ ಜೀವ ಬಾಯಿಗೆ ಬಂತು. ಹಿಂದೆ ಓಡಲೇ? ಓಡಿದರೆ ಮೀನು ಸುಟ್ಟುಹೋಗುತ್ತದೆ. ಸುಟ್ಟರೆ ಅದಕ್ಕೆ ತಾನೇ ಕಾರಣನೆಂದು ಅವನು ಕೊರಗುತ್ತಾನೆ. ಅವಳು ಒದ್ದೆ ಸಿಪ್ಪೆ ಒಟ್ಟಿ ಉರಿ ತಗ್ಗಿಸಿದಳು. ಬರುತ್ತಾನೋ ಇಲ್ಲವೋ...

ಹೊತ್ತು ಇಳಿಯುವಾಗ ಸೊಂಟದವರೆಗೆ ನೆನೆದು ಅವನು ಬಂದ. ಚೆಲ್ಲಿದ್ದ ಸಿಪ್ಪೆಯನ್ನು ಒಂದೊಂದಾಗಿ ಬುಟ್ಟಿಗೆ ತುಂಬಿಸಿದ.

"ಇದು ಪೂರ್ತಿ ಹೋಗುತ್ತೋ ಇಲ್ವೋ ಗೊತ್ತಿಲ್ಲ ಹವ್ವಾ," ಎಂದ ತಲೆ ಎತ್ತದೆ.

"ಗೊತ್ತಿಲ್ಲದಿದ್ರೆ ಇರಲಿ."

"ಸಂಜೆ... ನಿಮ್ಮನೆಗೆ ಬರ್ಲಾ?"

"ನಮ್ಮನೆ ಅನ್ನು."

"ನಮ್ಮನೆಗೆ."

ಅವಳು ಕೆಂಡ ಕೆದಕುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. "ತಲೆ ತೊಳ್ಕೊಂಡಿಲ್ಲ ಇವತ್ತು. ತೊಳ್ಕೊಂಡ್ರೂ ಹೋಗಲ್ಲ."

"ಗೊತ್ತು."

"ನಿದ್ದೆ ಬರುತ್ತಾ?"

"ಬರಲ್ಲ ಅನ್ಸುತ್ತೆ."

"ಬರದಿದ್ರೆ ಏನ್ಮಾಡ್ತಿ? ದಡಕ್ಕೆ ಹೋಗ್ತೀಯಾ?"

ಇಲಿಯಾಸ್ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಬಹಳ ನಿಧಾನವಾಗಿ, ಅವಳ ಮಸಿ ಹಿಡಿದ ಕೈಯ ಮೇಲಿಟ್ಟ.

"ಇಲ್ಲ. ನಿನ್ನನ್ನ ಎಬ್ಬಿಸ್ತೀನಿ."