ಭೂತದ ಕೈಗಡಿಯಾರ

ಮೂರನೆಯ ಸಾಲಿನ ಕೊನೆಯ ಕುರ್ಚಿ. ಕಂದು ಪೊಂಚೊ ಹೊದ್ದವನ ತೊಡೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಮಿನುಗುತ್ತಿತ್ತು.

ನೆಲಿದಾ ಅದನ್ನು ಕಂಡಳು. ಅವನೇ... ಅಯಾಕುಚೋದಲ್ಲಿ ಇದ್ದವನು, ತಾಂಬೊದಲ್ಲಿ ಇದ್ದವನು, ಈಗ ಉವಾಂಟಾದ ಈ ಚರ್ಚಿನ ಸಭಾಂಗಣಕ್ಕೂ ಬಂದು ಕೂತಿದ್ದಾನೆ!

ಪರದೆಯ ಮೇಲೆ ಭೂತ ಹುಡುಗಿಯೊಬ್ಬಳನ್ನು ಕರೆದೊಯ್ಯುತ್ತಿತ್ತು. ಇನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ನೆಲಿದಾ ಮಾತ್ರ ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಂತಿದ್ದಳು. ಒಂದು ವರ್ಷದಿಂದ ಅವಳ ಕೆಲಸ ಅದೇ. ಅಪ್ಪ ಮಾಡಿದ ಸಿನಿಮಾವನ್ನು ಊರೂರಿಗೆ ಹೊತ್ತು ತರುವುದು, ಕಿಟಕಿಗಳಿಗೆ ಕಂಬಳಿ ಕಟ್ಟಿ ಹಗಲನ್ನು ಹೊರಗಿಡುವುದು, ಆಮೇಲೆ ಗೋಡೆಗೊರಗಿ ನಿಂತು ಕಳ್ಳ ಕ್ಯಾಮೆರಾ ಹುಡುಕುವುದು.

ಹೋದ ವರ್ಷ ಯಾರೋ ಹೀಗೇ ಕತ್ತಲಲ್ಲಿ ಕೂತು ಸಿನಿಮಾವನ್ನು ಕದ್ದು ಹಿಡಿದಿದ್ದ. ಮೂರೇ ದಿನದಲ್ಲಿ ಸಂತೆಗಳಲ್ಲೆಲ್ಲ ಡಿಸ್ಕುಗಳು ಆಲೂಗಡ್ಡೆಯ ಹಾಗೆ ರಾಶಿ ಬಿದ್ದಿದ್ದವು. ಅದಾದ ಮೇಲೆ ಅಸಲಿ ಡಿಸ್ಕು ಅವಳ ಉಣ್ಣೆಯ ಅಂಗಿಯೊಳಗೇ ಮಲಗುತ್ತಿತ್ತು, ಅವಳ ಜೊತೆಗೇ ಏಳುತ್ತಿತ್ತು.

ಬಗ್ಗಿಕೊಂಡು ಹೋದವಳೇ ಅವನ ಮಣಿಕಟ್ಟು ಹಿಡಿದು ಹೊರಗಿನ ಜಗಲಿಗೆ ಎಳೆದು ತಂದಳು.

“ಎಲ್ಲಿ ಕ್ಯಾಮೆರಾ?”

“ಕ್ಯಾಮೆರಾ ಇಲ್ಲ, ಸೆನೋರಿತಾ. ಇದು ಬರೀ ಸದ್ದು ಹಿಡಿಯೋ ಯಂತ್ರ.”

“ಸದ್ದು ಕದ್ದು ಏನು ಮಾಡ್ತೀಯ, ಉಪ್ಪು ಹಾಕ್ಕೊಂಡು ನೆಕ್ತೀಯಾ?”

ಅವನಿಗೆ ನಗು ಬಂತು. ನಕ್ಕರೆ ಏಟು ಬೀಳುವುದೆಂದು ತೋರಿ ನುಂಗಿಕೊಂಡ. ಹೆಸರು ರೆನಾತೊ ಆರ್ಬುಲು ಎಂದ, ಊರು ರಾಜಧಾನಿ ಲಿಮಾ ಎಂದ, ಊರೂರಿನ ಸದ್ದುಗಳನ್ನು ಕೂಡಿಹಾಕುತ್ತೇನೆ ಎಂದ. ಬೆಟ್ಟದ ಗಾಳಿಗೆ ಅವನ ಕಿವಿಗಳು ಮೂಲಂಗಿಯಂತೆ ಕೆಂಪಾಗಿದ್ದವು. ಮಣಿಕಟ್ಟು ಬೆಚ್ಚಗಿತ್ತು. ಅದು ತನಗೆ ಗೊತ್ತಾಯಿತಲ್ಲ ಎಂದು ನೆಲಿದಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಲಿಮಾದವನು... ಲಿಮಾದಿಂದ ನಮಗೆ ಒಳ್ಳೆಯದು ಏನು ಬಂದಿದೆ?

ಯಂತ್ರವನ್ನು ಕಿತ್ತುಕೊಂಡಳು. ಅವನು ತಕರಾರು ಮಾಡಲಿಲ್ಲ. ಅದೇ ಅವಳ ಮೊದಲ ಅನುಮಾನಕ್ಕೆ ಎರಡನೆಯದನ್ನು ಸೇರಿಸಿತು.

ಜನ ಗೌರವದಿಂದ ‘ಡಾನ್’ ಎಂದು ಕರೆಯುವ ಅಪ್ಪ ತೆಯೋಫಿಲೋ ಸುಲ್ಕಾ ಮಗಳಂತಲ್ಲ. ಮದುವೆಗಳ ವಿಡಿಯೊ ತೆಗೆದು ಬದುಕಿದ ಮನುಷ್ಯ. ಆರು ವರ್ಷ ಕಷ್ಟಪಟ್ಟು, ನೆಂಟರಿಷ್ಟರನ್ನೇ ನಟರನ್ನಾಗಿ ಮಾಡಿ, ‘ಸತ್ತವನ ದಿಬ್ಬಣ’ ಎಂಬ ಒಂದೇ ಒಂದು ಸಿನಿಮಾ ತೆಗೆದಿದ್ದ. ಹಿಮದ ಬಯಲಿನಲ್ಲಿ ಸತ್ತ ಹೇಸರಗತ್ತೆಗಾರನೊಬ್ಬ, ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಕರೆದೊಯ್ಯಲು ಭೂತವಾಗಿ ಮರಳಿ ಬರುವ ಕಥೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದ ಭೂತವನ್ನು ಹುಡುಗಿ ಗುರುತಿಸುವುದು ಅವನ ಕೈಗಡಿಯಾರದಿಂದ.

ಆ ಗಡಿಯಾರವೇ ಕುತ್ತಾಯಿತು. ಲಿಮಾದ ದೊಡ್ಡ ಪತ್ರಿಕೆಯೊಂದರಲ್ಲಿ ‘ಕೊನೆಯ ಸಾಲಿನವನು’ ಎಂಬ ಹೆಸರಿಟ್ಟುಕೊಂಡವನು ಬರೆದಿದ್ದ: ‘ಕಥೆ ಮುನ್ನೂರು ವರ್ಷ ಹಿಂದಿನದಂತೆ, ಭೂತದ ಕೈಯಲ್ಲಿ ಮಾತ್ರ ಫಳಫಳ ಗಡಿಯಾರ. ಹೊತ್ತು ನೋಡಿಕೊಂಡು ಹೆದರಿಸುವ ಭೂತವನ್ನು ನಾನು ಇದೇ ಮೊದಲು ಕಂಡೆ.’

ಇಡೀ ದೇಶ ನಕ್ಕಿತು. ದೊಡ್ಡ ಊರುಗಳ ಸಭಾಂಗಣಗಳು ಬಾಗಿಲು ಹಾಕಿಕೊಂಡವು. ಅಪ್ಪ ಎರಡನೆಯ ಸಿನಿಮಾಕ್ಕೆಂದು ಬರೆದಿಟ್ಟಿದ್ದ ಕಥೆಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ಆಮೇಲೆ ಮದುವೆಗಳಿಗೆ ಬಿಟ್ಟರೆ ಕ್ಯಾಮೆರಾ ಮುಟ್ಟಲಿಲ್ಲ. ಆ ಬೀಗ ತೆಗೆಯಬೇಕು, ನೆಲಿದಾಳಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಾಗಿಯೇ ಈ ಅಲೆದಾಟ.

ಅಂಥ ಅಪ್ಪ ರೆನಾತೊನನ್ನು ಕೂರಿಸಿಕೊಂಡು ಊಟ ಹಾಕಿಸಿದ. ಮುಂದಿನ ಊರಿಗೆ ನಮ್ಮ ಗಾಡಿಯಲ್ಲೇ ಬಾ ಎಂದೂ ಹೇಳಿಬಿಟ್ಟ. ಮಗಳು ಪಕ್ಕಕ್ಕೆ ಕರೆದು ಕಣ್ಣು ಕೆಂಪಗೆ ಮಾಡಿದಾಗ ಅವನು ಹೇಳಿದ್ದು ಇಷ್ಟೇ:

“ಕಳ್ಳ ಯಾವನಾದ್ರೂ ನಮ್ಮ ಸಿನಿಮಾನ ಮೂರು ಸಲ ಕೂತು ನೋಡ್ತಾನಾ ಮಗಳೇ? ಮೂರು ಸಲ ನೋಡೋಕೆ ನನಗೇ ಆಗಲ್ಲ.”

ಗಾಡಿ ಹೊರಟಿತು. ಹಿಂದೆ ಪ್ರೊಜೆಕ್ಟರ್, ಕಂಬಳಿಗಳು, ರೆನಾತೊ. ಮುಂದೆ ಕನ್ನಡಿಯಲ್ಲಿ ಅವನ ಮೇಲೇ ಕಣ್ಣಿಟ್ಟ ನೆಲಿದಾ.

ಅವನಿಗೊಂದು ಬಲೆಯನ್ನೂ ಒಡ್ಡಿದಳು. ಸೋದರತ್ತೆಯ ಮಗಳ ಮದುವೆಯ ಡಿಸ್ಕಿನ ಮೇಲೆ ಸಿನಿಮಾದ ಹೆಸರು ಬರೆದು, ಬೇಕೆಂದೇ ಸೀಟಿನ ಮೇಲೆ ಬಿಟ್ಟು ಹೋದಳು. ಅರ್ಧ ಗಂಟೆಯಲ್ಲಿ ಅವನು ಓಡಿ ಬಂದು ಅದನ್ನು ಕೈಗಿಟ್ಟ. ಇಂಥದ್ದನ್ನೆಲ್ಲ ಹೀಗೆ ಬಿಡಬೇಡಿ ಎಂದು ಬುದ್ಧಿಯನ್ನೂ ಹೇಳಿದ.

ಪಾಕಡಾ ಕಳ್ಳ! ಕದಿಯಲೂ ಇಲ್ಲವಲ್ಲ...

ಮುಂದಿನ ಊರು ಚಿಂಚೆರೋಸ್‌ನಲ್ಲಿ ಅವನು ಕುರ್ಚಿ ಹತ್ತಿ ಕಿಟಕಿಗೆ ಕಂಬಳಿ ಕಟ್ಟುವಾಗ ಕುರ್ಚಿ ಹಿಡಿದವಳು ಅವಳೇ. ಹುರಿದ ಜೋಳ ತಿನ್ನುವಾಗ ಅರಳಿ ಗರಿಗರಿಯಾದ ಕಾಳುಗಳನ್ನೆಲ್ಲ ಅವನು ಅವಳ ಕಡೆ ಸರಿಸುತ್ತಿದ್ದ. ಸುಮ್ಮಸುಮ್ಮನೆ ಒಳ್ಳೆಯವನಾಗಿರುವವನು ಲೋಕದಲ್ಲಿ ಯಾರಿದ್ದಾನೆ? ಏನೋ ಇದೆ... ಏನೋ ಇದ್ದೇ ಇದೆ.

ಆದರೂ ಯಂತ್ರವನ್ನು ಅಲ್ಲಿನ ಪ್ರದರ್ಶನಕ್ಕೆಂದು ವಾಪಸು ಕೊಟ್ಟಳು, ಮತ್ತೆ ಕಿತ್ತುಕೊಳ್ಳಲಿಲ್ಲ. ಅಂದು ಕತ್ತಲಲ್ಲಿ ಅವಳ ಕಣ್ಣು ಹುಡುಕಿದ್ದು ಕೆಂಪು ದೀಪವನ್ನೋ, ಅವನನ್ನೋ? ಆ ಪ್ರಶ್ನೆಯನ್ನು ಅವಳು ತನಗೆ ಹಾಕಿಕೊಳ್ಳಲಿಲ್ಲ.

ಅದರಾಚೆಯ ಊರು ಅಂದವೈಲಾಸ್‌ನಲ್ಲಿ ಅದು ನಡೆಯಿತು.

ಸಭಾಂಗಣದ ಬಾಡಿಗೆಯ ವಿಷಯಕ್ಕೆ ಅಪ್ಪ ಪುರಸಭೆಯವರ ಹತ್ತಿರ ಹೋಗಿದ್ದ. ಪ್ರೊಜೆಕ್ಟರ್ ನಡೆಸುವ ಕೆಲಸ ನೆಲಿದಾಳ ಮೇಲೆ ಬಿತ್ತು. ಹಿಂದಿನ ಸಾಲುಗಳಲ್ಲಿ ಕಾಲೇಜಿನ ಹುಡುಗರು ಬಂದು ತುಂಬಿಕೊಂಡರು. ಒಬ್ಬನಂತೂ ತನ್ನ ಕೈಗಡಿಯಾರ ಎತ್ತಿ ತೋರಿಸಿ, ಭೂತ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಆ ದೃಶ್ಯ ಹತ್ತಿರ ಬಂದಾಗ ಗುಂಡಿ ಒತ್ತಿಬಿಟ್ಟಳು. ಸಿನಿಮಾ ಒಂದು ಹಾರು ಹಾರಿ ಮುಂದಕ್ಕೆ ಹೋಯಿತು. ಗಡಿಯಾರ ಬರಲೇ ಇಲ್ಲ. ಯಾರೂ ನಗಲಿಲ್ಲ.

ಕಂಬಳಿ ಮಡಚುವಾಗ ರೆನಾತೊ ಹತ್ತಿರ ಬಂದ. ಮುಖ ಬಾಡಿತ್ತು.

“ಗಡಿಯಾರ ಯಾಕೆ ಬರಲಿಲ್ಲ ಇವತ್ತು?”

“ನಾನೇ ದಾಟಿಸ್ದೆ. ನಗ್ತಿದ್ರು.”

“ನಗ್ತಿರಲಿಲ್ಲ. ಆ ಜಾಗದಲ್ಲಿ ಯಾರೂ ನಗಲ್ಲ. ನಿಮಗೆ ಗೊತ್ತೇ ಇಲ್ವಾ?”

ಅವಳಿಗೆ ರೇಗಿತು. ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಿತ್ತು. “ಆ ಲಿಮಾದವನು ಬರೆದಿದ್ದು ಸರಿಯಾಗೇ ಇತ್ತು. ಹಳೇ ಕಾಲದ ಭೂತಕ್ಕೆ ಗಡಿಯಾರ ಎಲ್ಲಿಂದ ಬರಬೇಕು? ಅಪ್ಪ ತಪ್ಪು ಮಾಡಿದಾರೆ. ಅವರ ಮುಂದೆ ನಾನದನ್ನ ಹೇಳಲ್ಲ, ಅಷ್ಟೇ.”

“ಸರಿ ಇರಲಿಲ್ಲ.”

“ನಿಮಗೇನು ಗೊತ್ತು?”

ರೆನಾತೊ ಕಂಬಳಿಯನ್ನು ನಿಧಾನವಾಗಿ ಕೆಳಗಿಟ್ಟ. “ಬರೆದವನು ನಾನೇ, ನೆಲಿದಾ.”

ಅವನನ್ನು ಕಳ್ಳ ಎಂದುಕೊಂಡಿದ್ದಳು. ಕಳ್ಳನಾಗಿದ್ದರೆ ಎಷ್ಟೋ ವಾಸಿಯಿತ್ತು! ಕಳ್ಳ ಡಿಸ್ಕು ಒಯ್ಯುತ್ತಾನೆ... ಇವನು ಅಪ್ಪನನ್ನೇ ಒಯ್ದಿದ್ದ.

ಅವನು ಮುಚ್ಚಿಡದೆ ಹೇಳುತ್ತಾ ಹೋದ. ಕೊನೆಯ ಸಾಲಿನವನು ಯಾವ ಸಾಲಿನಲ್ಲೂ ಕೂತಿರಲಿಲ್ಲ. ಫುಟ್‌ಪಾತಿನಲ್ಲಿ ಕೊಂಡ ಕದ್ದ ಡಿಸ್ಕು, ಅರ್ಧ ಪರದೆಗೆ ಯಾರದೋ ಟೋಪಿ ಅಡ್ಡ. ಜನರ ಗಲಾಟೆ ಜಾಸ್ತಿ ಎಂದು ಸದ್ದು ಪೂರ್ತಿ ಆರಿಸಿ, ಊಟ ಮಾಡುತ್ತಾ ನೋಡಿ, ಒಂದು ಗಂಟೆಯಲ್ಲಿ ಬರೆದು ಬಿಸಾಕಿದ್ದ. ತಿಂಗಳುಗಳಾದ ಮೇಲೆ, ಅವನ ಬಟ್ಟೆ ಇಸ್ತ್ರಿ ಮಾಡುವ ಅಯಾಕುಚೋದ ಹೆಂಗಸು ಆ ಡಿಸ್ಕು ನೋಡಿ ಹಾಕಲು ಹೇಳಿದಳಂತೆ. ಸದ್ದು ಜೋರಾಗಿಯೇ ಇಟ್ಟುಕೊಂಡಳಂತೆ. ಗಡಿಯಾರ ಕಂಡದ್ದೇ ಅವಳ ಕೈ ನಿಂತುಹೋಯಿತು. ಅಂಗಿ ಸುಟ್ಟು ಹೊಗೆ ಬಂದರೂ ಅವಳು ಇಸ್ತ್ರಿಪೆಟ್ಟಿಗೆ ಎತ್ತಲಿಲ್ಲ.

“ಏನಾಯ್ತು ಅಂತ ಕೇಳಿದ್ರೆ ಹೇಳಲಿಲ್ಲ. ತಿಳ್ಕೊಳ್ಳೋಕೇ ಬಂದೆ. ನಾಲ್ಕು ಊರಿನ ಸದ್ದು ಇದರಲ್ಲಿದೆ. ಒಂದು ಸಲ ಕೇಳಿ.”

“ಹೊರಡು ಇಲ್ಲಿಂದ,” ಎಂದಳು ನೆಲಿದಾ.

ಅವನು ಯಂತ್ರವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ.

ಮರುದಿನ ಬೆಳಿಗ್ಗೆ, ತಾವು ತಂಗಿದ್ದ ಮನೆಯ ಅಂಗಳದಲ್ಲಿ, ಬಿಸಿಲು ಇನ್ನೂ ಗೋಡೆ ಇಳಿಯುವ ಮೊದಲೇ, ಅವಳು ಆ ಯಂತ್ರದ ಸದ್ದನ್ನು ಕಿವಿಗೆ ಹಾಕಿಕೊಂಡಳು. ಅವನು ಹೇಳಿದನೆಂದಲ್ಲ. ಇದರಲ್ಲೂ ಏನೋ ಮೋಸವಿರಬಹುದು, ಕಂಡುಹಿಡಿಯಬೇಕು ಎಂದು.

ಅಯಾಕುಚೋ. ಮಗುವಿನ ಅಳು, ಕೆಮ್ಮು, ಯಾರೋ ಭೂತಕ್ಕೇ ಬೈಯುತ್ತಿದ್ದಾರೆ. ಭೂತ ಬಾಗಿಲು ತಟ್ಟುತ್ತದೆ, ಹೆಂಗಸರು ಚೀರುತ್ತಾರೆ, ಗಂಡಸರು ನಗುತ್ತಾರೆ. ಆಮೇಲೆ ಗಡಿಯಾರದ ಜಾಗ... ಎಲ್ಲವೂ ನಿಂತಿತು. ಕೆಮ್ಮೂ ಇಲ್ಲ. ಆ ಮೌನದೊಳಗಿಂದ ಮುದುಕಿಯೊಬ್ಬಳ ದನಿ, ಬೆಟ್ಟದವರ ಕೆಚುವಾ ಭಾಷೆಯಲ್ಲಿ, ಒಂದೇ ಮಾತು: “ಪೈಮಿ.” ಅಂದರೆ, ಅವನೇ.

ತಾಂಬೊ. ಅದೇ ಮೌನ. ಗಂಡಸಿನ ದನಿ: “ಪೈಮಿ.”

ಉವಾಂಟಾ. ಈ ಸಲ ಐದಾರು ಜನ, ಬೇರೆ ಬೇರೆ ಮೂಲೆಗಳಿಂದ. ಅಷ್ಟೂ ಹೊತ್ತು ತಾನು ಅವರ ಮುಖಕ್ಕೆದುರಾಗಿಯೇ ನಿಂತಿದ್ದಳಲ್ಲವೆ? ಕೈಗಳನ್ನು ನೋಡಿದ್ದಳು, ಚೀಲಗಳನ್ನು ನೋಡಿದ್ದಳು. ಮುಖಗಳನ್ನು ನೋಡಿರಲೇ ಇಲ್ಲ...

ಅಪ್ಪ ಓಟ್ಸ್ ಗಂಜಿ ಕುಡಿಯುತ್ತಾ ಕೂತಿದ್ದ. ಹೋಗಿ ಎದುರು ಕೂತಳು. ನಿನ್ನೆ ತಾನು ಮಾಡಿದ್ದನ್ನು ಹೇಳಿದಳು, ರೆನಾತೊ ಯಾರೆಂದೂ ಹೇಳಿದಳು. ಆಮೇಲೆ ಕೇಳಿದಳು, ಭೂತಕ್ಕೆ ಗಡಿಯಾರ ಯಾಕೆ ಕಟ್ಟಿದಿರಿ?

ಅಪ್ಪ ಬಟ್ಟಲನ್ನು ಕೆಳಗಿಟ್ಟ.

“ನಿನ್ನ ಫೆರ್ಮಿನ್ ಚಿಕ್ಕಪ್ಪ. ಸೈನ್ಯ-ಬಂಡುಕೋರರ ಕಾಳಗದ ಕಾಲ. ಮದುವೆಗೆ ಒಂಬತ್ತು ದಿನ ಇತ್ತು, ಬಂದೂಕಿನೋರು ಬಂದು ಕರ್ಕೊಂಡು ಹೋದ್ರು. ಕಣಿವೆಯಲ್ಲಿ ಸಿಕ್ಕಿದಾಗ ಹನ್ನೊಂದು ಜನ ಇದ್ರು, ಯಾರಿಗೂ ಮುಖ ಅನ್ನೋದು ಉಳಿದಿರಲಿಲ್ಲ. ಅವನನ್ನ ಮದುವೆ ಆಗಬೇಕಿದ್ದ ಹುಡುಗಿ ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡ್ತಾ ಹೋದ್ಲು. ಆ ವರ್ಷಗಳಲ್ಲಿ ಈ ಕಡೆಯೋರೆಲ್ಲ ತಮ್ಮೋರನ್ನ ಹಾಗೇ ಗುರುತಿಸಿದ್ದು. ಸ್ವೆಟರಿನಿಂದ, ಬೂಟಿನಿಂದ. ಇವನು ಗಡಿಯಾರದಿಂದ ಸಿಕ್ಕಿದ. ಇನ್ನೂ ನಡೀತಿತ್ತು ಅದು.”

“ನನಗ್ಯಾಕೆ ಹೇಳಲಿಲ್ಲ ಅಪ್ಪಾ?”

“ಸಿನಿಮಾದಲ್ಲಿ ಹೇಳಿದ್ನಲ್ಲ ಮಗಳೇ.”

ನೆಲಿದಾ ಅಪ್ಪನ ಕೈ ಮೇಲೆ ತಲೆಯಿಟ್ಟಳು. ಜಗತ್ತಿನ ಮೇಲೆಲ್ಲ ಅನುಮಾನಪಟ್ಟವಳು ತಾನು. ಅಪ್ಪನ ಸಿನಿಮಾದ ಮೇಲೆ ನಂಬಿಕೆ ಕಳೆದುಕೊಂಡವಳೂ ತಾನೇ.

ಬಸ್ಸು ನಿಲ್ಲುವಲ್ಲಿ ರೆನಾತೊ ತನ್ನ ಚೀಲದ ಮೇಲೆ ಕೂತಿದ್ದ. ಡಾನ್ ತೆಯೋಫಿಲೋ ಎದುರು ಬಂದು ನಿಂತಾಗ ಎದ್ದು, ಟೋಪಿ ತೆಗೆದು, ನಾನೇ ಬರೆದೆ, ತಪ್ಪು ಬರೆದೆ ಎಂದ. ಲಿಮಾಕ್ಕೆ ಹೋಗಿ ನನ್ನ ನಿಜವಾದ ಹೆಸರಿನಲ್ಲೇ ಬರೆಯುತ್ತೇನೆ, ಅವರು ಅಚ್ಚು ಹಾಕದಿದ್ದರೆ ಬೇರೆ ಕಡೆ ಬರೆಯುತ್ತೇನೆ ಎಂದ.

“ನಮ್ಮ ಜನ ಲಿಮಾದ ಪೇಪರ್ ಓದಲ್ಲ,” ಎಂದ ಅಪ್ಪ. “ಇವತ್ತು ತಲವೇರಾದಲ್ಲಿ ಸಂತೆ. ಗಾಡಿ ಮೇಲೆ ಮೈಕಿದೆ. ಬರೆದಿದ್ದನ್ನ ಬಾಯಲ್ಲಿ ಹೇಳು.”

ಹಾಗೆ, ಲಿಮಾದ ಆ ದೊಡ್ಡ ವಿಮರ್ಶಕ ಈರುಳ್ಳಿ, ಕುರಿ, ಪ್ಲಾಸ್ಟಿಕ್ ಬಕೆಟ್ಟುಗಳ ನಡುವೆ ಗಾಡಿಯ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತ. ಗಾಡಿ ನಡೆಸುತ್ತಿದ್ದವಳು ನೆಲಿದಾ.

“ತಲವೇರಾದ ಜನರೇ... ಈ ಸಿನಿಮಾನ ಪೇಪರಿನಲ್ಲಿ ಗೇಲಿ ಮಾಡಿದವನು ನಾನು. ಸದ್ದು ಆರಿಸಿ ನೋಡಿದ್ದೆ. ನನಗೆ ಕಿವಿ ಇರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಬನ್ನಿ.”

ಬ್ರೆಡ್ಡು ಮಾರುವ ಹೆಂಗಸೊಬ್ಬಳು ಕಿಟಕಿಯಲ್ಲಿ ಬಗ್ಗಿ ನೋಡಿದಳು. “ಕಿವಿ ಇಲ್ಲಾಂದ್ರೆ ಎರಡೂ ಕಡೆ ಕೆಂಪಗೆ ನೇತಾಡ್ತಿರೋದು ಏನಪ್ಪಾ ಅದು?”

ಸಂತೆಯೆಲ್ಲ ನಕ್ಕಿತು. ಅವನು ಹಾಗೆಯೇ, ಮುರುಕು ಕೆಚುವಾದಲ್ಲಿ, ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ನಗು ನಿಂತಿತು. ಜನ ಹತ್ತಿರ ಬಂದರು.

ನೆಲಿದಾ ಎದುರಿನ ಗಾಜಿನಾಚೆ ನೋಡಿ ಬ್ರೇಕು ಒತ್ತಿದಳು. ಗುಂಪಿನ ಮಧ್ಯೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, ಅಪ್ಪ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಜನರ ಮುಖಗಳನ್ನು ತೆಗೆಯುತ್ತಿದ್ದ. ಮದುವೆಯಿಲ್ಲ, ಮುಂಜಿಯಿಲ್ಲ. ಯಾರೂ ಕರೆದಿರಲಿಲ್ಲ!

ಅವಳ ಕಣ್ಣು ತುಂಬಿತು.

ರೆನಾತೊ ಮೈಕು ಆರಿಸಿದ. ಆರಿತೇ ಎಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ.

“ನೆಲಿದಾ... ಇನ್ನೊಂದು ಸುಳ್ಳಿದೆ. ಐದು ಊರಿಗೂ ಸದ್ದಿಗೋಸ್ಕರ ಬಂದೆ ಅಂದ್ರೆ ಅದು ಸುಳ್ಳು. ತಾಂಬೊದಿಂದ ಈಚೆಗೆ ನಿಮ್ಮನ್ನ ನೋಡೋಕೆ ಬಂದೆ. ನಿಮ್ಮ ಮೇಲೆ ಪ್ರೀತಿಯಾಗಿದೆ ನನಗೆ.”

ಅವಳು ತಿರುಗಲಿಲ್ಲ. ಗೇರಿನ ಮೇಲಿದ್ದ ತನ್ನ ಕೈಯನ್ನು ಅವನ ಕೈ ಮೇಲಿಟ್ಟಳು, ಅಷ್ಟೇ.

“ಈಗಲೂ ಅನುಮಾನ ಇದೆಯಾ?”

“ಇದೆ. ಅದು ಅಷ್ಟು ಬೇಗ ಹೋಗಲ್ಲ.”

“ಎಷ್ಟು ದಿನ ಬೇಕು?”

“ಅಪ್ಪನ ಮುಂದಿನ ಸಿನಿಮಾ ಮುಗಿಯೋವರೆಗೆ ನಮ್ಮ ಜೊತೇಲಿರು. ಆಮೇಲೆ ಹೇಳ್ತೀನಿ.”

“ಅವರಿಗೆ ಒಂದು ಸಿನಿಮಾ ಮುಗಿಸೋಕೆ ಎಷ್ಟು ದಿನ ಹಿಡಿಯತ್ತೆ?”

“ಹೋದ ಸಲ ಆರು ವರ್ಷ.”

ರೆನಾತೊ ಅವಳ ಬೆರಳುಗಳನ್ನು ಮೆಲ್ಲಗೆ ಬಿಗಿ ಹಿಡಿದ.

“ಸಾಕಾಗಲ್ಲ,” ಎಂದ.